ಅಧ್ಯಾಯ ಪೂರ್ತಿ ಓದಿದ್ದೀರಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಸತ್ಯವೇದದ, ಅಂದರೆ ಬೈಬಲಿನ, ಹೆಂಗಸರ ಬಗ್ಗೆಯೇ. ಅದೂ ಹೆಚ್ಚುಕಡಿಮೆ ಒಂದೇ ದೂರು. 'ಅವಳ ಹಾಗಿರು, ಇವಳ ಹಾಗಿರು ಅಂತ ಹೇಳ್ತಾರೆ, ನನ್ನಿಂದ ಆಗ್ತಿಲ್ಲ ಟೀಚರ್.' ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಪದ್ಯದ ಮೊದಲ ಎರಡು ಸಾಲು ಮಾತ್ರ ಓದಿಕೊಂಡು ಬಂದು ಭಾವಾರ್ಥ ಬರೆಯುವ ಹುಡುಗಿಯರಿಗೆ ಅರ್ಧ ಮಾರ್ಕ್ಸೂ ಕೊಡುತ್ತಿರಲಿಲ್ಲ. ದೊಡ್ಡವರಿಗೆ ಮಾತ್ರ ಯಾಕೆ ರಿಯಾಯಿತಿ?

ನನಗೆ 32 ವರ್ಷ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಏಳು ವರ್ಷದ ಮಗನಿದ್ದಾನೆ. ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ, ಅತ್ತೆ ಮಾವನ ಜೊತೆಯಲ್ಲೇ ಇದ್ದೇನೆ. ಕೋಲಾರದಲ್ಲಿರುವ ಅಪ್ಪ ಅಮ್ಮ ಇನ್ನೊಂದು ಮದುವೆಯ ಮಾತೆತ್ತಿದ್ದಾರೆ. ನನಗೂ ಮನಸ್ಸಿದೆ. ಆದರೆ ಅತ್ತೆ 'ರೂತಳನ್ನು ನೋಡಿ ಕಲಿ' ಅನ್ನುತ್ತಾರೆ. ಸಭೆಯ ಹಿರಿಯರೂ ಅದನ್ನೇ ಹೇಳಿದರು. ನಾನು ಯೋಚಿಸುತ್ತಿರುವುದು ತಪ್ಪಾ?
— ಲಿಂಗರಾಜಪುರ

ರೂತಳನ್ನು ನೋಡಿಯೇ ಕಲಿಯಿರಿ. ಆದರೆ ಅವಳ ಪುಸ್ತಕದ ನಾಲ್ಕೂ ಅಧ್ಯಾಯ ನೋಡಿ. ನಿಮ್ಮ ಅತ್ತೆ ಒಂದನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚಿಬಿಟ್ಟಿದ್ದಾರೆ.

'ನೀನು ಹೋದ ಕಡೆಗೇ ನಾನೂ ಬರುತ್ತೇನೆ' ಅಂತ ಗಂಡ ಸತ್ತ ಮೇಲೆ ರೂತಳು ಅತ್ತೆಗೆ ಹೇಳಿದ್ದು ನಿಜ. ಆ ಮಾತನ್ನು ಹೇಳು ಅಂತ ಅವಳಿಗೆ ಯಾರು ಹೇಳಿದರು? ಯಾರೂ ಇಲ್ಲ. ಅತ್ತೆ ನೊವೊಮಿ ಹೇಳಿದ್ದು ಅದರ ಉಲ್ಟಾ. ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ, ಇನ್ನೊಬ್ಬ ಗಂಡನ ಮನೆಯಲ್ಲಿ ನಿಮಗೆ ನೆಮ್ಮದಿ ಸಿಗಲಿ ಅಂತ ಇಬ್ಬರು ಸೊಸೆಯರಿಗೂ ಹರಸಿ ಕಳಿಸಲು ನೋಡಿದಳು. ಅವರು ಅಳುತ್ತಾ ನಿಂತಾಗ ಮತ್ತೆ ಮತ್ತೆ ಹೇಳಿದಳು. ಒರ್ಫಾ ಅತ್ತೆಗೆ ಮುದ್ದಿಟ್ಟು ಹೊರಟುಹೋದಳು. ಅವಳನ್ನು ಬೈಯುವ ಒಂದು ಮಾತಾದರೂ ಅಲ್ಲಿದೆಯಾ, ಹುಡುಕಿ. ಸಿಗುವುದಿಲ್ಲ. ಒರ್ಫಾಳನ್ನು ಬೈದಿರುವುದೆಲ್ಲ ನಮ್ಮ ಪ್ರಸಂಗಗಳಲ್ಲಿ ಮಾತ್ರ.

ಇನ್ನು ಮೂರನೇ ಅಧ್ಯಾಯಕ್ಕೆ ಬನ್ನಿ. ಮಗಳೇ, ನಿನಗೊಂದು ನೆಲೆ ನೋಡಬೇಡವಾ ಅಂತ ಮಾತು ತೆಗೆದವಳು ನೊವೊಮಿಯೇ. ಸ್ನಾನ ಮಾಡು, ಸುಗಂಧ ಹಚ್ಚಿಕೋ, ಒಳ್ಳೆ ಬಟ್ಟೆ ಉಡು, ಕಣಕ್ಕೆ ಹೋಗು ಅಂತ ಪೂರ್ತಿ ಯೋಜನೆ ಹಾಕಿಕೊಟ್ಟವಳೂ ಅವಳೇ. ರೂತಳಿಗೆ ಹೊಲದ ಯಜಮಾನ ಬೋವಜನ ಜೊತೆ ಎರಡನೇ ಮದುವೆಯಾಯಿತು. ಮಗು ಹುಟ್ಟಿತು. ಅದನ್ನು ಮಡಿಲಲ್ಲಿ ಹಾಕಿಕೊಂಡು ಸಾಕಿದವಳು ಮೊದಲ ಗಂಡನ ತಾಯಿ! ಏಳು ಗಂಡುಮಕ್ಕಳಿಗಿಂತ ಈ ಸೊಸೆ ಮೇಲು ಅಂತ ಬೆತ್ಲೆಹೇಮಿನ ಹೆಂಗಸರು ನೊವೊಮಿಗೆ ಹೇಳಿದ್ದು ಮದುವೆಗೆ ಮುಂಚೆ ಅಲ್ಲ, ಆ ಮಗು ಹುಟ್ಟಿದ ಮೇಲೆ. ಆ ಮಗುವೇ ಓಬೇದ, ದಾವೀದ ರಾಜನ ತಾತ.

ಹಾಗಾದರೆ ರೂತಳಿಂದ ಕಲಿಯುವುದೇನು? ನನಗೆ ಎರಡನೇ ಅಧ್ಯಾಯ ಇಷ್ಟ. ಪರದೇಶದವಳು, ಅದರಲ್ಲೂ ಮೋವಾಬಿನವಳು. ಮೋವಾಬ್ಯರನ್ನು ಸಭೆಗೆ ಸೇರಿಸಬಾರದು ಅಂತ ಧರ್ಮೋಪದೇಶಕಾಂಡ ಹೇಳುತ್ತದೆ. ಕೈಯಲ್ಲಿ ಕಾಸಿಲ್ಲ, ಜೊತೆಗೆ ನೊಂದು ಕಹಿಯಾದ ಅತ್ತೆ. ಬಂದ ಮೇಲೆ ಅವಳು ಮೂಲೆಯಲ್ಲಿ ಕೂರಲಿಲ್ಲ. ತಾನೇ ಕೇಳಿಕೊಂಡು ಹೊಲಕ್ಕೆ ಹೋದಳು. ಕೊಯ್ಯುವವರು ಬಿಟ್ಟ ತೆನೆ ಬಡವರಿಗೆ, ಪರದೇಶದವರಿಗೆ ಸೇರಬೇಕು ಅನ್ನುವುದು ಯಾಜಕಕಾಂಡದ ಕಾನೂನು. ಆ ಹಕ್ಕನ್ನು ಬಳಸಿಕೊಂಡಳು. ಸಾಯಂಕಾಲ ಬಡಿದು ಅಳೆದಾಗ ಒಂದು ಏಫಾ ಜವೆಗೋದಿ, ಅಂದರೆ ಸುಮಾರು 22 ಲೀಟರ್ ಹಿಡಿಯುವಷ್ಟು. ಹೊತ್ತು ನೋಡಿ, ಆಗ ಗೊತ್ತಾಗುತ್ತದೆ. ಬೋವಜ ಕೂಡ ಅವಳಿಗೆ ಉಪದೇಶ ಮಾಡುವುದಕ್ಕೆ ಮೊದಲು ತನ್ನ ಆಳುಗಳಿಗೆ ಆಜ್ಞೆ ಮಾಡಿದ: ಇವಳನ್ನು ಯಾರೂ ಮುಟ್ಟಕೂಡದು. ಕೆಲಸದ ಜಾಗ ಹೇಗಿರಬೇಕು ಅಂತ ಗೊತ್ತಿದ್ದ ಯಜಮಾನ.

ಸಭೆಯ ಹಿರಿಯರು ಮತ್ತೆ ಕೇಳಿದರೆ ಒಂದನೇ ಕೊರಿಂಥ 7:39 ತೋರಿಸಿ. ಗಂಡ ಸತ್ತವಳು ತನಗೆ ಇಷ್ಟವಾದವನನ್ನು ಮದುವೆಯಾಗಲು ಸ್ವತಂತ್ರಳು, ಕರ್ತನಲ್ಲಿ, ಅಂದರೆ ವಿಶ್ವಾಸಿಯನ್ನು, ಆದರೆ ಸಾಕು. ಬರೆದವನು ಪೌಲ.

ಅತ್ತೆ ಜೊತೆ ಜಗಳ ಮಾತ್ರ ಬೇಡ. ಅವರು ಮಗನನ್ನು ಕಳೆದುಕೊಂಡಿದ್ದಾರೆ, ಈಗ ಮೊಮ್ಮಗನೂ ಕೈತಪ್ಪುತ್ತಾನೆ ಅನ್ನುವ ಹೆದರಿಕೆ ಅದು. 'ಶನಿವಾರ ಭಾನುವಾರ ಇವನು ನಿಮ್ಮ ಹತ್ತಿರಾನೇ' ಅಂತ ಮೊದಲೇ ಹೇಳಿ. ನಿಮ್ಮನ್ನು ನೋಡಲು ಬರುವ ಗಂಡಿನ ಕಡೆಯವರ ಮುಂದೆಯೂ ಈ ಮಾತು ಇಡಿ. ಅದಕ್ಕೆ ಮೂತಿ ತಿರುಗಿಸುವವನು ಬೋವಜ ಅಲ್ಲ.

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನಾ ಕೂಟ. ಇಪ್ಪತ್ತು ಜನಕ್ಕೆ ತಿಂಡಿ, ಕಾಫಿ ನಾನೊಬ್ಬಳೇ ಮಾಡಬೇಕು. ಮೊನ್ನೆ ಅಡುಗೆಮನೆಯಿಂದ ಬರುವುದು ತಡವಾಯಿತು ಅಂತ 'ನೀನು ಮಾರ್ಥ' ಅಂತ ಎಲ್ಲರ ಮುಂದೆ ನಕ್ಕರು. ಆಮೇಲೆ ನಾನು ಮಾಡಿದ ಉದ್ದಿನ ವಡೆಯನ್ನೇ ಎರಡೆರಡು ಸಲ ಹಾಕಿಸಿಕೊಂಡರು.
— ಕೆ.ಆರ್. ಪುರ

ವಡೆ ತಿನ್ನುತ್ತಾ ಮಾರ್ಥಳನ್ನು ಬೈಯುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ.

ಯೇಸು ಮನೆಗೆ ಬಂದಾಗ ಸೋದರಿ ಮರಿಯ ಅವರ ಮಾತು ಕೇಳುತ್ತಾ ಕೂತಳು, ಮಾರ್ಥ ಕೆಲಸದಲ್ಲಿ ಮುಳುಗಿದ್ದಳು. ಆಗ ಯೇಸು ಮಾರ್ಥಳಿಗೆ ಹೇಳಿದ್ದು ಲೂಕ 10ರಲ್ಲಿದೆ. ಬೇಡದ ಚಿಂತೆ ಮಾಡಿ ಗಡಿಬಿಡಿಯಾಗಿದ್ದೀಯ ಅಂದರು. ಹೆಸರು ಎರಡು ಸಲ ಕರೆದು, ಪ್ರೀತಿಯಿಂದ. ಅಷ್ಟೇ. ಆಮೇಲೆ ಯೋಹಾನ 11ಕ್ಕೆ ಹೋಗಿ. ತಮ್ಮ ಲಾಜರ ಸತ್ತ ನಾಲ್ಕನೇ ದಿನ. ಯೇಸು ಬರುವ ಸುದ್ದಿ ಕೇಳಿ ಎದ್ದು ದಾರಿಗೆ ಹೋದವಳು ಮಾರ್ಥ. ಮರಿಯ ಮನೆಯಲ್ಲಿ ಕೂತಿದ್ದಳು. 'ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ' ಅಂತ ಮುಖಕ್ಕೆ ಹೇಳಿದವಳು ಮಾರ್ಥ. ನೀನೇ ಕ್ರಿಸ್ತನು, ದೇವಕುಮಾರನು ಅಂತ ಒಪ್ಪಿಕೊಂಡವಳೂ ಅವಳೇ. ಅದೇ ಮಾತು ಹೇಳಿದ್ದಕ್ಕೆ ಶಿಷ್ಯ ಪೇತ್ರನನ್ನು ನಾವು ಎಷ್ಟು ಮೆರೆಸುತ್ತೇವೆ! 12ನೇ ಅಧ್ಯಾಯದಲ್ಲಿ ಅವಳು ಮತ್ತೆ ಊಟ ಬಡಿಸುತ್ತಿದ್ದಾಳೆ. ಆಗ ಯೇಸು ಏನೂ ಅನ್ನಲಿಲ್ಲ.

ನೃಪತುಂಗ ರಸ್ತೆಯ ಆಸ್ಪತ್ರೆಗೆ ಯಾರ ಹೆಸರಿದೆ? 1886ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಅದನ್ನು ಶುರುಮಾಡಿ ಸೇಂಟ್ ಮಾರ್ಥಾಸ್ ಅಂತ ಕರೆದರು. ರೋಗಿಗೆ ಗಂಜಿ ಕುಡಿಸುವ ಕೈ ಯಾರದು ಅಂತ ಆ ಹೆಂಗಸರಿಗೆ ಗೊತ್ತಿತ್ತು.

ನಮ್ಮ ಸಭೆಯಲ್ಲಿ ನಾವು ಮಾಡಿದ ಉಪಾಯ ಹೇಳುತ್ತೇನೆ. ಕಳೆದ ಸುಗ್ಗಿ ಹಬ್ಬಕ್ಕೆ ಸ್ತ್ರೀಯರ ಸಂಘದವರು ಒಂದು ತೀರ್ಮಾನ ತೆಗೆದುಕೊಂಡೆವು. ಅಡುಗೆ ನಮ್ಮದು, ಪಾತ್ರೆ ಗಂಡಸರದು. ಬೆಳಿಗ್ಗೆ ಕುಂಬಳಕಾಯಿ, ಬಾಳೆಗೊನೆ ಹರಾಜು ಕೂಗಿದ ಖಜಾಂಚಿಯವರು ಮಧ್ಯಾಹ್ನ ಪ್ಯಾಂಟು ಮಡಚಿಕೊಂಡು ನಲ್ಲಿ ಹತ್ತಿರ ಕೂತರು. ಬಿರಿಯಾನಿ ಹಂಡೆ ತಳ ಹಿಡಿದಿತ್ತು. ತೆಂಗಿನ ನಾರಿಗೆ ಬಗ್ಗಲಿಲ್ಲ. ಹುಡುಗನನ್ನು ಅಂಗಡಿಗೆ ಓಡಿಸಿ ಸ್ಟೀಲ್ ಸ್ಕ್ರಬ್ಬರ್ ತರಿಸಿದರು, ಮೊಣಕೈವರೆಗೂ ಮಸಿ. 'ಇಷ್ಟೊಂದು ಇರುತ್ತೆ ಅಂತ ಗೊತ್ತಿರಲಿಲ್ಲ' ಅಂದರು. ಆವತ್ತಿನಿಂದ ಸಭೆಯ ಊಟದಲ್ಲಿ ಐಟಂಗಳು ತಾವಾಗಿಯೇ ಕಡಿಮೆಯಾಗಿವೆ. ನಿಮ್ಮ ಮನೆಯಲ್ಲೂ ಮುಂದಿನ ವಾರ ಬರೀ ಕಾಫಿ, ಬಿಸ್ಕತ್ತು. ಲೋಟ ತೊಳೆಯುವುದು ನಕ್ಕವರು.

ಅಪ್ಪ ಹೋದ ವರ್ಷ ತೀರಿಕೊಂಡರು. ವಿಲ್ ಬರೆದಿಲ್ಲ. ಯಲಹಂಕದಲ್ಲಿ ಅವರೇ ದುಡಿದು ಕಟ್ಟಿದ ಮನೆ ಇದೆ. ಅಮ್ಮ, ಇಬ್ಬರು ಅಣ್ಣಂದಿರು, ನಾನು. 'ನಿನ್ನ ಮದುವೆಗೆ ಖರ್ಚು ಮಾಡಿದ್ದೇವೆ, ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕು' ಅಂತಾರೆ. ಕೇಳಿದರೆ ಕ್ರೈಸ್ತ ಹೆಣ್ಣುಮಗಳು ಆಸ್ತಿಗೆ ಆಸೆಪಡಬಾರದಂತೆ.
— ದಾಸರಹಳ್ಳಿ

ಯಾರು ಹೇಳಿದರಂತೆ? ಸತ್ಯವೇದದ ಅರಣ್ಯಕಾಂಡ 27 ಓದಿರಲಿಕ್ಕಿಲ್ಲ.

ಚಲ್ಪಹಾದ ಅನ್ನುವವನು ಗಂಡುಮಕ್ಕಳಿಲ್ಲದೆ ಅಡವಿಯಲ್ಲಿ ಸತ್ತ. ಅವನಿಗೆ ಐವರು ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಐದೂ ಹೆಸರು ಬರೆದಿಟ್ಟಿದ್ದಾರೆ, ಅದೂ ಒಂದೇ ಕಡೆ ಅಲ್ಲ. ಇವರು ದೇವರ ಗುಡಾರದ ಬಾಗಿಲಲ್ಲಿ ಇಸ್ರಾಯೇಲರ ನಾಯಕ ಮೋಶೆ, ಯಾಜಕ ಎಲಿಯಾಜರ, ಮುಖಂಡರು, ಇಡೀ ಸಮೂಹದ ಮುಂದೆ ನಿಂತರು. ನಮ್ಮಪ್ಪನಿಗೆ ಗಂಡುಮಗ ಇಲ್ಲ ಅಂತ ಅವನ ಹೆಸರು ಯಾಕೆ ಅಳಿಯಬೇಕು, ನಮಗೂ ಭೂಮಿ ಕೊಡಿ ಅಂದರು. ಮೋಶೆಗೆ ಉತ್ತರ ಹೊಳೆಯಲಿಲ್ಲ. ದೇವರ ಹತ್ತಿರ ಕೇಳಿದ. ಆ ಹೆಣ್ಣುಮಕ್ಕಳು ಹೇಳುವುದು ಸರಿ ಅಂತ ಉತ್ತರ ಬಂತು. ಕಾನೂನೇ ಬದಲಾಯಿತು.

ಅಲ್ಲಿಗೆ ಮುಗಿಯಲಿಲ್ಲ ಅನ್ನುವುದು ನನಗೆ ಇನ್ನೂ ಮುಖ್ಯ. 36ನೇ ಅಧ್ಯಾಯದಲ್ಲಿ ಅವರ ಕುಲದ ಗಂಡಸರು ತಕರಾರು ತಂದರು: ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಜಮೀನು ಕೈಬಿಡುತ್ತದಲ್ಲ? ಅದಕ್ಕೊಂದು ಷರತ್ತು ಬಿತ್ತು. ಆಮೇಲೆ ಮೋಶೆ ತೀರಿಹೋದ. ಕಾನಾನಿನಲ್ಲಿ ಭೂಮಿ ಹಂಚುವಾಗ ಈ ಐವರು ಮತ್ತೆ ಹೊಸ ನಾಯಕ ಯೆಹೋಶುವನ ಮುಂದೆ ನಿಂತು, ದೇವರು ಅಪ್ಪಣೆ ಕೊಟ್ಟಿದ್ದಾರೆ, ನಮ್ಮ ಪಾಲೆಲ್ಲಿ ಅಂತ ಕೇಳಬೇಕಾಯಿತು. ಆರ್ಡರ್ ಆಗಿದ್ದರೂ ಖಾತೆ ಆಗಿರಲಿಲ್ಲ, ಅಲ್ವಾ? ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಿಮಗೆ ಅಣ್ಣಂದಿರಿದ್ದಾರೆ ಅನ್ನುತ್ತೀರಾ? ಯೋಬನ ಪುಸ್ತಕದ ಕೊನೆ ನೋಡಿ. ಏಳು ಗಂಡುಮಕ್ಕಳಿದ್ದೂ ಮೂವರು ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಜೊತೆಗೇ ಆಸ್ತಿ ಕೊಟ್ಟ. ಹೆಣ್ಣುಮಕ್ಕಳ ಹೆಸರು ಬರೆದಿದೆ. ಗಂಡುಮಕ್ಕಳ ಹೆಸರು ಬರೆದಿಲ್ಲ!

ಇನ್ನು ನಮ್ಮ ದೇಶದ ಕಾನೂನು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು. ಗಂಡು ಹೆಣ್ಣು ಭೇದವಿಲ್ಲ. ನಿಮ್ಮ ಲೆಕ್ಕ ಸುಲಭ. ಮನೆಯನ್ನು ಒಂಬತ್ತು ಭಾಗ ಅಂತ ಇಟ್ಟುಕೊಳ್ಳಿ. ಅಮ್ಮನಿಗೆ ಮೂರು, ನಿಮ್ಮ ಮೂವರಿಗೆ ಎರಡೆರಡು. ಮದುವೆ ಖರ್ಚಿನ ಮಾತಿಗೂ ಅದೇ ಕಾಯ್ದೆಯ 49ನೇ ಕಲಮಿನಲ್ಲಿ ಉತ್ತರವಿದೆ: ಅಪ್ಪ ಬದುಕಿದ್ದಾಗ ಮಗುವಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವಂತಿಲ್ಲ. ಕೇರಳದ ಹಳೇ ತಿರುವಾಂಕೂರು ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಕಾಸಿನಷ್ಟು ಪಾಲು ಕೊಟ್ಟು ಕಳಿಸುವ ಬೇರೆ ಕಾನೂನಿತ್ತು. ಕೋಟ್ಟಯಂನ ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ಗೆದ್ದರು. ಅಣ್ಣನ ಮೇಲೆ ಕೇಸು ಹಾಕಿದಳು ಅಂತ ಅವರನ್ನೂ ಜನ ಆಡಿಕೊಂಡಿದ್ದರು.

ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸೈನ್ ಹಾಕಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಫೋನ್ ಮಾಡುವುದಾದರೆ 15100. ಎಲ್ಲ ತಿಳಿದುಕೊಂಡ ಮೇಲೆ ಅಣ್ಣಂದಿರಿಗೆ ಬಿಟ್ಟುಕೊಡಬೇಕು ಅನ್ನಿಸಿದರೆ ಕೊಡಿ. ಅದು ನೀವು ಕೊಟ್ಟದ್ದಾಗಬೇಕು, ಅವರು ಕಿತ್ತುಕೊಂಡದ್ದಲ್ಲ.

ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಆರಾಧನೆ ಮುಗಿದು ಹೊರಗೆ ಬಂದರೆ ಸಾಕು, 'ಹನ್ನಳ ಹಾಗೆ ಪ್ರಾರ್ಥಿಸು, ಉಪವಾಸ ಹಿಡಿ' ಅಂತಾರೆ. ಚರ್ಚಿಗೆ ಹೋಗುವುದೇ ಬೇಡ ಅನ್ನಿಸಿದೆ.
— ಕೆಂಗೇರಿ

ಮಕ್ಕಳಿಲ್ಲದ ಹನ್ನಳಿಗೂ ಹಾಗೇ ಆಗಿತ್ತಲ್ಲ. ಪ್ರತಿ ವರ್ಷ ಶೀಲೋವಿಗೆ ಆರಾಧನೆಗೆ ಹೋದಾಗಲೇ ಸವತಿ ಪೆನಿನ್ನ ಚುಚ್ಚುತ್ತಿದ್ದದ್ದು. ಹನ್ನಳು ಊಟ ಬಿಡುತ್ತಿದ್ದಳು. ಗಂಡ ಎಲ್ಕಾನ ಒಳ್ಳೆಯವನೇ, ಆದರೆ 'ಹತ್ತು ಮಕ್ಕಳಿಗಿಂತ ನಾನು ಹೆಚ್ಚಲ್ಲವಾ' ಅಂತ ಕೇಳಿದ. ಗಂಡಸರು ಸಮಾಧಾನ ಹೇಳುವ ರೀತಿಯೇ ಅದು. ಯಾಜಕ ಏಲಿಯಂತೂ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರಿದ. ಆಗ ಹನ್ನಳು ತಲೆ ತಗ್ಗಿಸಿ ಎದ್ದು ಹೋಗಲಿಲ್ಲ. ನಾನು ಕುಡಿದಿಲ್ಲ, ಮನಸ್ಸು ನೊಂದಿದೆ, ನನ್ನನ್ನು ಕೆಟ್ಟ ಹೆಂಗಸು ಅಂದುಕೊಳ್ಳಬೇಡಿ ಅಂತ ಮಹಾಯಾಜಕನಿಗೇ ಹೇಳಿದಳು. ಅವನು ಮಾತು ಬದಲಿಸಿ ಹರಸಿದ.

ಒಂದನೇ ಸಮುವೇಲ 1:18 ಓದಿ. ಅವಳು ಹೋಗಿ ಊಟ ಮಾಡಿದಳು, ಮುಖದಲ್ಲಿ ದುಃಖ ಉಳಿಯಲಿಲ್ಲ. ಆಗ ಇನ್ನೂ ಗರ್ಭಿಣಿಯಲ್ಲ. ಮಗು ಆಗುತ್ತದೋ ಇಲ್ಲವೋ ಅನ್ನುವುದೂ ಗೊತ್ತಿಲ್ಲ. ನಿಮಗೆ ಉಪವಾಸ ಹೇಳುವವರು ಅವಳು ಊಟ ಮಾಡಿದ್ದನ್ನು ಮರೆತಿದ್ದಾರೆ.

ಮುಂದಿನ ಸಲ ಯಾರಾದರೂ ಬಾಗಿಲಲ್ಲಿ ಹಿಡಿದರೆ, 'ಆಂಟಿ, ಇದರ ಬಗ್ಗೆ ಮಾತು ಬೇಡ' ಅಂತ ನೇರವಾಗಿ ಹೇಳಿ. ಇನ್ನೊಂದು. ಡಾಕ್ಟರ ಹತ್ತಿರ ನೀವೊಬ್ಬರೇ ಹೋಗುತ್ತಿದ್ದೀರಾ? ಗಂಡನಿಗೂ ಪರೀಕ್ಷೆ ಆಗಲಿ. ಅದು ಸಾಮಾನ್ಯವಾಗಿ ಸರಳ ಪರೀಕ್ಷೆ, ಮೊದಲೇ ಆಗಬೇಕಾದದ್ದು.

ಗಂಡ ಕುಡಿಯುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ನಾನು ದುಡಿದದ್ದನ್ನೂ ಕಿತ್ತುಕೊಳ್ಳುತ್ತಾರೆ. ಎರಡು ಸಲ ಹೊಡೆದಿದ್ದಾರೆ. ಸಭೆಯಲ್ಲಿ ಹೇಳಿಕೊಂಡರೆ 'ಸಾರಳು ಅಬ್ರಹಾಮನನ್ನು ಯಜಮಾನ ಅಂತ ಕರೆದಳು, ತಾಳ್ಮೆಯಿಂದಿರು' ಅಂದರು.
— ಪೀಣ್ಯ

ಸಾರಳ ಮಾತು ಒಂದನೇ ಪೇತ್ರ 3:6ರಲ್ಲಿದೆ. ಮುಂದಿನ ವಚನವೇ ಗಂಡಂದಿರಿಗೆ: ಹೆಂಡತಿಗೆ ಗೌರವ ಕೊಡದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ. ಅದನ್ನು ನಿಮ್ಮ ಗಂಡನಿಗೆ ಯಾರಾದರೂ ಓದಿ ಹೇಳಿದ್ದಾರಾ?

ನಾನು ಅಬೀಗೈಲಳ ಬಗ್ಗೆ ಹೇಳುತ್ತೇನೆ. ಒಂದನೇ ಸಮುವೇಲ 25. ಗಂಡ ನಾಬಾಲ ಶ್ರೀಮಂತ, 3000 ಕುರಿ, 1000 ಆಡು. ಒರಟ, ಕುಡುಕ. ಅವನ ಜೊತೆ ಮಾತಾಡುವುದೇ ಆಗದು ಅಂತ ಆಳುಗಳೇ ಹೇಳುತ್ತಿದ್ದರು. ತನ್ನ ಕುರಿಗಳನ್ನು ಕಾಯ್ದ ದಾವೀದನ ಜನ ಊಟ ಕೇಳಿದರೆ ಅವಮಾನ ಮಾಡಿ ಕಳಿಸಿದ. ದಾವೀದ 400 ಜನರ ಜೊತೆ ಕತ್ತಿ ಕಟ್ಟಿಕೊಂಡು ಹೊರಟ. ಸುದ್ದಿ ಕೇಳಿದ ಅಬೀಗೈಲ 200 ರೊಟ್ಟಿ, ಐದು ಕುರಿಯ ಅಡುಗೆ, 200 ಅಂಜೂರದ ಉಂಡೆ, ಇನ್ನೂ ಏನೇನೋ ಕತ್ತೆಗಳ ಮೇಲೆ ಹೇರಿಸಿ ತಾನೇ ಎದುರು ಹೋದಳು. ಗಂಡನಿಗೆ ಹೇಳಲಿಲ್ಲ. ಇಡೀ ಮನೆಯ ಜೀವ ಉಳಿಯಿತು. ನಿನ್ನ ಬುದ್ಧಿಗೆ ಸ್ತೋತ್ರ ಅಂದ ದಾವೀದ. ಗಂಡನ ಅಪ್ಪಣೆ ಕೇಳಲಿಲ್ಲ ಅಂತ ಅವಳನ್ನು ಸತ್ಯವೇದ ಎಲ್ಲೂ ಬೈದಿಲ್ಲ.

ಅವಳು ಮನೆಗೆ ವಾಪಸ್ ಬಂದಾಗ ನಾಬಾಲ ಚೆನ್ನಾಗಿ ಕುಡಿದು ಮತ್ತನಾಗಿದ್ದ. ಆ ರಾತ್ರಿ ಅವಳು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಅಮಲು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಕುಡುಕನ ಜೊತೆ ಬಾಳಿದವಳಿಗೆ ಮಾತ್ರ ಗೊತ್ತಿರುವ ಜಾಣತನ ಅದು. ಕುಡಿದಾಗ ನೀವೂ ವಾದಕ್ಕೆ ನಿಲ್ಲಬೇಡಿ. ಅದು ತಾಳ್ಮೆ ಅಂತಲ್ಲ, ನಿಮ್ಮ ಮೈ ಉಳಿಯಲಿ ಅಂತ.

ಕೈ ಎತ್ತಿದರೆ ಪ್ರಾರ್ಥನೆ ಆಮೇಲೆ, ಮೊದಲು ಹೊರಗೆ ಬನ್ನಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿ 181. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದ, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಹಾಕಿ ನಂಬಿಕೆಯ ಗೆಳತಿಯ ಮನೆಯಲ್ಲಿ ಇಡಿ. ಸಂಬಳ ನಿಮ್ಮ ಹೆಸರಿನ ಖಾತೆಗೇ ಬೀಳಲಿ, ಎಟಿಎಂ ಪಿನ್ ಬದಲಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆ ಮನೆಯಲ್ಲಿ ಇರುವ ಹಕ್ಕು ನಿಮಗಿದೆ, ನಿಮ್ಮನ್ನು ಸುಮ್ನೆ ಹೊರಗೆ ಹಾಕುವಂತಿಲ್ಲ. ಗಂಡ ಕುಡಿತ ಬಿಡುತ್ತೇನೆ ಅಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವ ವಿಭಾಗವೇ ಇದೆ. ಬಾಯಿಮಾತಿನ ಆಣೆ ಬೇಡ, ಅಲ್ಲಿಯ ಚೀಟಿ ಮಾಡಿಸಿಕೊಂಡು ಬರಲಿ.

ನಿಮ್ಮ ಪತ್ರ ಓದಿ ನನಗೆ ನಿದ್ದೆ ಬರಲಿಲ್ಲ. ಹೇಗಿದ್ದೀರಿ ಅಂತ ಬೇಗ ಬರೆಯಿರಿ.

ನಾನು ಹಿಂದೂ, ಬಿಟಿಎಂ ಲೇಔಟ್‌ನ ಪಿ.ಜಿ.ಯಲ್ಲಿದ್ದೇನೆ. ರೂಮ್‌ಮೇಟ್ ಹತ್ತಿರ ಕನ್ನಡ ಬೈಬಲ್ ಇದೆ. ಹೆಂಗಸರ ಕಥೆ ಓದಬೇಕು ಅಂದರೆ ಎಲ್ಲಿಂದ ಶುರುಮಾಡಲಿ?

ಎಸ್ತೇರಳು. ಹತ್ತೇ ಅಧ್ಯಾಯ, ಒಂದು ಭಾನುವಾರಕ್ಕೆ ಸಾಕು. ಮೊದಲ ವಚನದಲ್ಲೇ ನಮ್ಮ ದೇಶದ ಹೆಸರು ಬರುತ್ತದೆ, ಅಹಷ್ವೇರೋಷ ರಾಜನ 127 ಸಂಸ್ಥಾನಗಳ ಒಂದು ಗಡಿ ಅದು. ಮೂಲ ಹೀಬ್ರೂ ಪುಸ್ತಕದಲ್ಲಿ ದೇವರ ಹೆಸರು ಒಂದು ಸಲವೂ ಇಲ್ಲ. ಎಸ್ತೇರಳು ಧೈರ್ಯಸ್ಥೆ ಅಂತ ಎಲ್ಲರೂ ಹೇಳುತ್ತಾರೆ. ಅವಳ ನಿಧಾನ ಗಮನಿಸಿ. ತನ್ನ ಯೆಹೂದಿ ಜನರನ್ನು ಕೊಲ್ಲಿಸಲು ಮಂತ್ರಿ ಹಾಮಾನ ಹೊರಟಾಗ, ರಾಣಿಯಾಗಿದ್ದ ಅವಳು ರಾಜನಿಗೆ ಒಂದು ಔತಣ ಕೊಟ್ಟಳು, ಅಲ್ಲೂ ವಿಷಯ ಎತ್ತಲಿಲ್ಲ, ಎರಡನೇ ಔತಣದಲ್ಲಿ ಹಾಮಾನನ ಹೆಸರು ಹೇಳಿದಳು. ಮೊದಲ ಅಧ್ಯಾಯದ ವಷ್ಟಿ ರಾಣಿಯನ್ನು ಹಾರಿಸಬೇಡಿ. ಕುಡಿದ ಗಂಡ ಅವಳ ಚೆಲುವನ್ನು ಅತಿಥಿಗಳಿಗೆ ತೋರಿಸಲು ಕರೆದಾಗ ಬರುವುದಿಲ್ಲ ಅಂದವಳು.

ಮಗಳಿಗೆ ಯಾಯೇಲ್ ಅಂತ ಹೆಸರಿಡಬಹುದಾ? ಹೆಂಡತಿಗೆ ಇಷ್ಟ. ನಮ್ಮಮ್ಮ ಮಾತ್ರ ಕೊಲೆಗಾತಿ ಹೆಸರು ಬೇಡ ಅಂತ ಹಟ ಹಿಡಿದಿದ್ದಾರೆ.
— ಹೊಂಗಸಂದ್ರ

ಇಡಿ. ನಿಮ್ಮಮ್ಮನಿಗೆ ಯಾಯೇಲಳು ಶತ್ರು ಸೇನಾಪತಿ ಸೀಸೆರನ ತಲೆಗೆ ಹೊಡೆದ ಗುಡಾರದ ಗೂಟ ಕಣ್ಣಿಗೆ ಕಟ್ಟಿದೆ. ಆ ಸೇನಾಪತಿಯ ಹತ್ತಿರ 900 ಕಬ್ಬಿಣದ ರಥ ಇತ್ತು, 20 ವರ್ಷ ಇಸ್ರಾಯೇಲ್ ಜನ ಅವರ ಕೈಯಲ್ಲಿ ನರಳಿದ್ದರು ಅನ್ನುವುದನ್ನೂ ಓದಿ ಹೇಳಿ. ನ್ಯಾಯಸ್ಥಾಪಕರು 5ರಲ್ಲಿ ಯಾಯೇಲಳನ್ನು ಹೆಂಗಸರಲ್ಲೇ ಧನ್ಯಳು ಅಂತ ಹಾಡಿದ್ದಾರೆ. ಅದಕ್ಕೂ ಒಪ್ಪದಿದ್ದರೆ ಆ ಹಾಡು ಹಾಡಿದವಳ ಹೆಸರನ್ನೇ ಇಡಿ, ದೆಬೋರ. ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ತೀರಿಸುತ್ತಿದ್ದಳು, ಕೈಯಲ್ಲಿ ಗೂಟ ಇರಲಿಲ್ಲ. ಅದೂ ಬೇಡ ಅಂದರೆ ಅಮ್ಮನಿಂದಲೇ ನನಗೊಂದು ಪತ್ರ ಬರೆಸಿ.